ಕಾರ್ಖಾನೆಯಲ್ಲಿ ನೌಕರರ ಮೊಬೈಲ್‌ಗೆ ಸ್ಥಳ ಆಧರಿಸಿದ ಭದ್ರತೆ: ಬೇಲಿಯನ್ನು ಯಾವುದರ ಸುತ್ತ ಹಾಕಬೇಕು?

ಉದ್ಯಮಬಾಗ ಗಣಕ:

ಎಲ್ಲರಿಗೂ ನಮಸ್ಕಾರ. ಬೆಳಗಾವಿಯ ಉದ್ಯಮಬಾಗದಲ್ಲಿ ಹೈಡ್ರಾಲಿಕ್ ವಾಲ್ವ್‌ಗಳ ಬಿಡಿಭಾಗಗಳನ್ನು ಎರಕ ಹೊಯ್ದು ಮಷಿನಿಂಗ್ ಮಾಡಿಕೊಡುವ ಮಧ್ಯಮ ಗಾತ್ರದ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರ್ ಮತ್ತು ನೆಟ್‌ವರ್ಕ್‌ನ ಹೊಣೆ ನನ್ನದು. ವಿಭಾಗದಲ್ಲಿ ನಾನು ಮತ್ತು ಇನ್ನೊಬ್ಬ ಸಹೋದ್ಯೋಗಿ, ಇಬ್ಬರೇ ಇದ್ದೇವೆ. ಒಂದು ತೀರ್ಮಾನಕ್ಕೆ ಬರಬೇಕಾಗಿದೆ, ಅದಕ್ಕೆ ಮೊದಲು ನಿಮ್ಮೆಲ್ಲರ ಅನುಭವ ಕೇಳಬೇಕು ಅನ್ನಿಸಿತು.

ಕಳೆದ ತಿಂಗಳು ಗ್ರಾಹಕ ಕಂಪನಿಯವರು ಆಡಿಟ್‌ಗೆ ಬಂದಿದ್ದರು. ಇನ್‌ಸ್ಪೆಕ್ಷನ್ ಮೇಜಿನ ಬಳಿ ನಿಂತು ಯಾವುದೋ ಅಳತೆಯ ಬಗ್ಗೆ ಕೇಳಿದಾಗ ನಮ್ಮ ಇನ್‌ಸ್ಪೆಕ್ಟರ್ ಸಹಜವಾಗಿ ತಮ್ಮ ಮೊಬೈಲ್ ತೆಗೆದು ಗ್ಯಾಲರಿಯಲ್ಲಿ ಹುಡುಕತೊಡಗಿದರು. ಮಗಳ ಹುಟ್ಟುಹಬ್ಬದ ಎರಡು ಫೋಟೊಗಳ ನಡುವೆ ಗ್ರಾಹಕರ ಡ್ರಾಯಿಂಗ್ ಇತ್ತು, ಅದರ ಮೂಲೆಯಲ್ಲಿದ್ದ ‘ಗೋಪ್ಯ’ ಎಂಬ ಮುದ್ರೆಯೂ ಸ್ಪಷ್ಟವಾಗಿ ಕಾಣುತ್ತಿತ್ತು. ಇದನ್ನು ಅವರ ತಪ್ಪು ಎಂದು ನಾನು ಹೇಳಲಾರೆ. ಪ್ರಿಂಟು ಎಣ್ಣೆ ತಾಗಿ ಎರಡು ದಿನಕ್ಕೆ ಹಾಳಾಗುತ್ತದೆ, ಮಷಿನ್ ಬಳಿ ಕಂಪ್ಯೂಟರ್ ಇಲ್ಲ. ಹೀಗಾಗಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಡ್ರಾಯಿಂಗ್‌ನ ಫೋಟೊ ಹಾಕಿಕೊಂಡು ಕೆಲಸ ನಡೆಸುವುದು ನಮ್ಮಲ್ಲಿ ವರ್ಷಗಳಿಂದ ರೂಢಿಯಾಗಿಬಿಟ್ಟಿದೆ.

ಆಡಿಟ್ ವರದಿ ನಮಗೆ ಮೂರು ತಿಂಗಳ ಗಡುವು ಕೊಟ್ಟಿದೆ. ಡ್ರಾಯಿಂಗ್‌ಗಳು ಕಾರ್ಖಾನೆಯ ಆವರಣದೊಳಗೆ ಮಾತ್ರ ತೆರೆಯಬೇಕು, ಪ್ಯಾಟರ್ನ್ ಶಾಪ್ (ಎರಕದ ಅಚ್ಚಿಗೆ ಬೇಕಾದ ಮಾದರಿಗಳನ್ನು ಮಾಡುವ ಜಾಗ) ಮತ್ತು ಟೂಲ್ ರೂಮ್‌ನಲ್ಲಿ ಯಾರ ಮೊಬೈಲ್ ಕ್ಯಾಮೆರಾವೂ ಕೆಲಸ ಮಾಡಬಾರದು, ಕಳೆದುಹೋದ ಮೊಬೈಲ್‌ನಿಂದ ಮಾಹಿತಿಯನ್ನು ದೂರದಿಂದಲೇ ಅಳಿಸುವಂತಿರಬೇಕು. ಇದಕ್ಕೆ ಒಬ್ಬ ಮಾರಾಟಗಾರರು ಒಂದು ಆ್ಯಪ್ ತೋರಿಸಿದ್ದಾರೆ. ಅದು ಎಲ್ಲರ ಫೋನ್‌ನಲ್ಲಿ 24 ಗಂಟೆಯೂ ಜಿಪಿಎಸ್ ನೋಡುತ್ತಿರುತ್ತದೆ, ನಕ್ಷೆಯ ಮೇಲೆ ನಾವು ಎಳೆದ ವೃತ್ತದೊಳಗೆ ಫೋನ್ ಬಂದಾಗ ಕ್ಯಾಮೆರಾ ಮುಚ್ಚುತ್ತದೆ, ಹೊರಗೆ ಹೋದಾಗ ಫೈಲ್‌ಗಳನ್ನು ಮುಚ್ಚುತ್ತದೆ, ಜೊತೆಗೆ ಹಾಜರಿಯನ್ನೂ ಹಾಕುತ್ತದೆ. ನಮ್ಮ ಮಾಲೀಕರಿಗೆ ಹಾಜರಿಯ ಅಂಶ ಬಹಳ ಹಿಡಿಸಿದೆ. ನನಗೆ ಮಾತ್ರ ಸಮಾಧಾನ ಇಲ್ಲ. ಕೆಲಸಕ್ಕೆ ಬಳಕೆಯಾಗುತ್ತಿರುವ ಸುಮಾರು 140 ಫೋನ್‌ಗಳಲ್ಲಿ ಕಂಪನಿ ಕೊಡಿಸಿರುವವು 30 ಮಾತ್ರ, ಉಳಿದವೆಲ್ಲ ನೌಕರರು ತಮ್ಮ ಸಂಬಳದಲ್ಲಿ ಕೊಂಡುಕೊಂಡಿರುವವು. ಇದನ್ನು ಹೇಗೆ ಮಾಡಿದರೆ ಸರಿಯಾದೀತು?

ಮಚ್ಛೆ ನೆಟ್‌ವರ್ಕ್:

ಸರ್, ಖರೀದಿ ಆದೇಶಕ್ಕೆ ಸಹಿ ಬೀಳುವ ಮೊದಲು ಆ ಆ್ಯಪ್ ಇರುವ ಒಂದು ಫೋನ್ ಹಿಡಿದು ನಿಮ್ಮ ಮೋಲ್ಡಿಂಗ್ ಶೆಡ್‌ನ ಮಧ್ಯದಲ್ಲಿ ಹತ್ತು ನಿಮಿಷ ನಿಂತು ನೋಡಿ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿರುತ್ತವೆ, ಅಲ್ಲಿಂದ ಬರುವ ಸಂಕೇತ ನೆಲ ಮುಟ್ಟುವ ಹೊತ್ತಿಗೆ ಬಹಳ ಕ್ಷೀಣವಾಗಿರುತ್ತದೆ. ಬಯಲಿನಲ್ಲಿ ನಿಂತರೆ ಮೊಬೈಲ್ ಸುಮಾರು 5 ಮೀಟರ್‌ನ ಅಂದಾಜಿನಲ್ಲಿ ಜಾಗ ಹೇಳುತ್ತದೆ. ಪತ್ರಾಸಿನ ಚಾವಣಿಯ ಕೆಳಗೆ, ಕ್ರೇನಿನ ಗರ್ಡರ್‌ಗಳ ನಡುವೆ ಹೋದರೆ ಆ ಸಂಕೇತ ಒಳಗೇ ಬರುವುದಿಲ್ಲ, ಬಂದರೂ ಗೋಡೆಗೆ ತಾಗಿ ತಿರುಗಿ ಬಂದದ್ದಾಗಿರುತ್ತದೆ. ನಮ್ಮ ಶೆಡ್‌ನಲ್ಲಿ ಮೇಜಿನ ಮೇಲೆ ಅಲ್ಲಾಡದೆ ಇಟ್ಟ ಫೋನಿನ ನೀಲಿ ಚುಕ್ಕೆ ಒಂದೇ ಗಂಟೆಯಲ್ಲಿ ಎರಡು ಸಲ ರಸ್ತೆ ದಾಟಿ ಎದುರಿನ ಕಾರ್ಖಾನೆಯೊಳಗೆ ಹೋಗಿ ಬಂದದ್ದನ್ನು ನಾನೇ ಕೂತು ನೋಡಿದ್ದೇನೆ.

ಎರಡನೆಯದು ವೃತ್ತದ ಗಾತ್ರ. ಆಂಡ್ರಾಯ್ಡ್‌ನಲ್ಲಿ ಇಂಥ ಬೇಲಿ ಚೆನ್ನಾಗಿ ಕೆಲಸ ಮಾಡಬೇಕಾದರೆ ತ್ರಿಜ್ಯ ಕನಿಷ್ಠ 100ರಿಂದ 150 ಮೀಟರ್ ಇರಲಿ ಎಂದು ಗೂಗಲ್ ತಾನೇ ಡೆವಲಪರ್‌ಗಳಿಗೆ ಹೇಳುತ್ತದೆ. 100 ಮೀಟರ್ ತ್ರಿಜ್ಯದ ವೃತ್ತವೆಂದರೆ ಸುಮಾರು 31,400 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಏಳು ಮುಕ್ಕಾಲು ಎಕರೆ. ಗೋಡೆಗೆ ಗೋಡೆ ತಾಗಿಕೊಂಡು ಕಾರ್ಖಾನೆಗಳಿರುವ ಉದ್ಯಮಬಾಗದಲ್ಲಿ ಅಷ್ಟು ದೊಡ್ಡ ವೃತ್ತ ಎಳೆದರೆ ಪಕ್ಕದವರ ಶೆಡ್, ರಸ್ತೆ, ಚಹಾದ ಅಂಗಡಿ ಎಲ್ಲವೂ ನಿಮ್ಮ ‘ಆವರಣ’ದೊಳಗೇ ಬರುತ್ತವೆ. ಪ್ಯಾಟರ್ನ್ ಶಾಪ್ ಒಂದನ್ನೇ ಬೇರ್ಪಡಿಸುವುದಂತೂ ಈ ವಿಧಾನದಲ್ಲಿ ಆಗದ ಮಾತು. ಸಮಯದ್ದೂ ಇದೇ ಕಥೆ. ಹಿನ್ನೆಲೆಯಲ್ಲಿರುವ ಆ್ಯಪ್‌ಗೆ ಫೋನ್ ವೃತ್ತ ದಾಟಿದ ಸುದ್ದಿ ಮುಟ್ಟಲು ಸಾಮಾನ್ಯವಾಗಿ ಎರಡು ಮೂರು ನಿಮಿಷ ಹಿಡಿಯುತ್ತದೆ, ಫೋನ್ ಬಹಳ ಹೊತ್ತು ಒಂದೇ ಕಡೆ ಇದ್ದರೆ ಆರು ನಿಮಿಷವೂ ಆಗಬಹುದು. ಒಂದು ಡ್ರಾಯಿಂಗ್‌ನ ಫೋಟೊ ತೆಗೆಯಲು ಎರಡು ಸೆಕೆಂಡ್ ಸಾಕು.

ವೈ-ಫೈ ನೋಡಿ ಜಾಗ ಗುರುತಿಸಿದರಾಯಿತಲ್ಲ ಎಂದು ಮಾರಾಟಗಾರರು ಹೇಳುತ್ತಾರೆ. ಅದರಲ್ಲಿ ನಾನು ಒಮ್ಮೆ ಪೆಟ್ಟು ತಿಂದಿದ್ದೇನೆ. ಮಚ್ಛೆಯ ಘಟಕದಲ್ಲಿದ್ದ ಹಳೆಯ ಎರಡು ರೂಟರ್‌ಗಳನ್ನು ಬಿಚ್ಚಿ ಹೊನಗಾದ ಹೊಸ ಗೋದಾಮಿನಲ್ಲಿ ಹಾಕಿಸಿದ್ದೆವು. ಅನಂತರ ಕೆಲವು ವಾರ ಹೊನಗಾದಲ್ಲಿ ಕುಳಿತವರ ಫೋನ್‌ಗಳು ತಾವು ಮಚ್ಛೆಯಲ್ಲಿದ್ದೇವೆ ಎಂದೇ ಹೇಳುತ್ತಿದ್ದವು. ಯಾವ ರೂಟರ್ ಯಾವ ಜಾಗದಲ್ಲಿದೆ ಎಂಬ ದೊಡ್ಡ ಪಟ್ಟಿಯನ್ನು ಗೂಗಲ್, ಆ್ಯಪಲ್‌ನಂಥ ಕಂಪನಿಗಳು ಇಟ್ಟುಕೊಂಡಿರುತ್ತವೆ, ಆ ಪಟ್ಟಿ ಹೊಸದಾಗುವವರೆಗೆ ಫೋನ್ ಹಳೆಯ ವಿಳಾಸವನ್ನೇ ನಂಬುತ್ತದೆ. ಊರಿನ ದಕ್ಷಿಣಕ್ಕಿರುವ ಜಾಗ ಉತ್ತರದಲ್ಲಿ ಕಾಣಿಸಿಕೊಂಡಿತು, ಗೋದಾಮಿನವರ ಹಾಜರಿ ಪೂರ್ತಿ ಕೆಟ್ಟುಹೋಯಿತು.

ಮೂರನೇ ಪಾಳಿ:

ನಾನು ಮೇಂಟೆನನ್ಸ್ ವಿಭಾಗದಲ್ಲಿ ಫಿಟರ್ ಆಗಿ ಹದಿನಾಲ್ಕು ವರ್ಷ ದುಡಿದವನು. ಗಣಕ ಅವರು ಕೇಳುವ ಮೊದಲೇ ಸಮಾಧಾನ ಇಲ್ಲ ಎಂದು ಬರೆದಿದ್ದಾರೆ, ಅದಕ್ಕಾಗಿ ಅವರಿಗೆ ನಾನು ಕೃತಜ್ಞ.

ಹಿಂದೆ ನಾನಿದ್ದ ಒಂದು ಕಾರ್ಖಾನೆಯಲ್ಲಿ ಇಂಥದೇ ಆ್ಯಪ್ ಹಾಕಿಸಿದ್ದರು. ಭದ್ರತೆಗೆ ಎಂದು ಹೇಳಿ ಹಾಕಿಸಿದರು, ನಾವು ಒಪ್ಪಿಕೊಂಡೆವು. ಆಗ ನನ್ನ ತಾಯಿಗೆ ಡಯಾಲಿಸಿಸ್ ನಡೆಯುತ್ತಿತ್ತು. ವಾರದ ರಜೆಯಲ್ಲಿ ಮತ್ತು ಪಾಳಿ ಮುಗಿದ ಮೇಲೆ ಆಸ್ಪತ್ರೆಗೆ ಹೋಗುತ್ತಿದ್ದೆ, ಆ ವಿಷಯವನ್ನು ಕೆಲಸದ ಕಡೆ ಯಾರಿಗೂ ಹೇಳಿರಲಿಲ್ಲ. ಒಂದು ದಿನ ಸಿಬ್ಬಂದಿ ವಿಭಾಗದವರು ಕರೆದು, “ನೀವು ವಾರಕ್ಕೆ ಎರಡು ಸಲ ಆಸ್ಪತ್ರೆಗೆ ಹೋಗ್ತೀರಲ್ಲ, ಏನಾದರೂ ಕಾಯಿಲೆ ಇದೆಯೇ, ಭಾರದ ಕೆಲಸಕ್ಕೆ ನೀವು ಆಗ್ತೀರೋ ಇಲ್ಲೋ?” ಎಂದು ಕೇಳಿದರು. ನನಗೆ ಆ ಕ್ಷಣ ಉತ್ತರ ಹೊಳೆಯಲಿಲ್ಲ. ಪಕ್ಕದಲ್ಲಿದ್ದ ನಮ್ಮ ಹಿರಿಯರೊಬ್ಬರು, “ಸಾಹೇಬ್ರ, ಅಂವಾ ಎಲ್ಲಿ ಹೋಗ್ತಾನ ಅಂತ ನಿಮಗ ಹೆಂಗ ಗೊತ್ತಾತ್ರಿ?” ಎಂದು ತಿರುಗಿ ಕೇಳಿದ ಮೇಲೆ ಕೋಣೆಯಲ್ಲಿ ಎಲ್ಲರೂ ಸುಮ್ಮನಾದರು. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೇನೆಂದು ಅವತ್ತು ತಿಳಿಯಿತು.

ಡ್ರಾಯಿಂಗ್ ಕಾಯಬೇಕು ಎಂಬುದನ್ನು ನಾವು ಕಾರ್ಮಿಕರು ಯಾರೂ ವಿರೋಧಿಸುವುದಿಲ್ಲ. ಆರ್ಡರ್ ಹೋದರೆ ಮೊದಲು ಹೋಗುವುದು ನಮ್ಮ ಓವರ್‌ಟೈಮ್, ಆಮೇಲೆ ನಮ್ಮ ಕೆಲಸ. ಗೇಟಿನೊಳಗೆ ಏನು ನಿಯಮ ಬೇಕಾದರೂ ಮಾಡಿ. ಗೇಟು ದಾಟಿದ ಮೇಲೆ ನಾವು ಎಲ್ಲಿ ಹೋಗುತ್ತೇವೆ ಎಂಬುದು ಯಾವ ಕಂಪ್ಯೂಟರ್‌ನಲ್ಲೂ ದಾಖಲಾಗಬಾರದು, ನಮ್ಮ ಬೇಡಿಕೆ ಇಷ್ಟೇ.

ಕಾಕತಿ ಡಿವೈಸ್:

ನಾನು ಒಂದು ಬಿಡಿಭಾಗ ತಯಾರಿಕಾ ಸಂಸ್ಥೆಯಲ್ಲಿ ಆರು ವರ್ಷಗಳಿಂದ ಮೊಬೈಲ್ ನಿರ್ವಹಣೆ ನೋಡಿಕೊಳ್ಳುತ್ತಿದ್ದೇನೆ. ಮೂರನೇ ಪಾಳಿಯವರು ಬರೆದದ್ದನ್ನು ಓದಿ ಬೇಸರವಾಯಿತು. ಆ ಅವಘಡವನ್ನು ತಂತ್ರಜ್ಞಾನದ ಮಟ್ಟದಲ್ಲಿಯೇ ತಪ್ಪಿಸಲು ಬರುತ್ತದೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನೌಕರರ ಸ್ವಂತ ಫೋನ್ ಆಗಿದ್ದರೆ ಅದರಲ್ಲಿ ‘ವರ್ಕ್ ಪ್ರೊಫೈಲ್’ ಮಾತ್ರ ಹಾಕಿ. 2014ರಲ್ಲಿ ಬಂದ ಆಂಡ್ರಾಯ್ಡ್ 5ನೇ ಆವೃತ್ತಿಯಿಂದಲೇ ಈ ಸೌಲಭ್ಯ ಇದೆ. ಒಂದೇ ಫೋನಿನೊಳಗೆ ಕೆಲಸಕ್ಕೆ ಬೇರೆ ಕೋಣೆ ಕಟ್ಟಿದ ಹಾಗೆ ಇದು. ಕೆಲಸದ ಆ್ಯಪ್‌ಗಳ ಚಿತ್ರದ ಮೇಲೆ ಸಣ್ಣ ಸೂಟ್‌ಕೇಸಿನ ಗುರುತು ಇರುತ್ತದೆ, ಆ ಕೋಣೆಯ ಫೈಲ್‌ಗಳು ಮನೆಯ ಗ್ಯಾಲರಿಗೆ ಬರುವುದಿಲ್ಲ, ಮನೆಯ ಫೋಟೊಗಳು ಅಡ್ಮಿನ್‌ಗೆ, ಅಂದರೆ ಕಂಪನಿಯ ಕಡೆಯಿಂದ ಫೋನ್‌ಗಳನ್ನು ನಿರ್ವಹಿಸುವವರಿಗೆ, ಕಾಣುವುದಿಲ್ಲ. ಕೆಲಸ ಬಿಟ್ಟವರ ಅಥವಾ ಕಳೆದುಹೋದ ಫೋನಿನ ಪ್ರೊಫೈಲನ್ನು ದೂರದಿಂದ ಅಳಿಸಿದರೆ ಆ ಕೋಣೆ ಮಾತ್ರ ಅಳಿಯುತ್ತದೆ, ಮಗಳ ಹುಟ್ಟುಹಬ್ಬದ ಫೋಟೊಗಳು ಹಾಗೆಯೇ ಉಳಿಯುತ್ತವೆ. ಪ್ರೊಫೈಲ್‌ನೊಳಗೆ ಸ್ಕ್ರೀನ್‌ಶಾಟ್ ನಿಲ್ಲಿಸಬಹುದು, ಅಲ್ಲಿಂದ ಹೊರಗೆ ಹಂಚಿಕೊಳ್ಳುವುದನ್ನೂ ನಿಲ್ಲಿಸಬಹುದು. ಪಾಳಿ ಮುಗಿದ ಮೇಲೆ ನೌಕರರು ತಾವೇ ಆ ಪ್ರೊಫೈಲನ್ನು ವಿರಾಮಕ್ಕೆ ಹಾಕಬಹುದು.

ಇನ್ನೊಂದು ವಿಷಯ ಬಹಳ ಜನ ಅಡ್ಮಿನ್‌ಗಳಿಗೇ ತಿಳಿದಿಲ್ಲ. ಆಂಡ್ರಾಯ್ಡ್ 12ನೇ ಆವೃತ್ತಿಯಿಂದ, ಸ್ವಂತ ಫೋನಿನ ವರ್ಕ್ ಪ್ರೊಫೈಲ್‌ನಲ್ಲಿರುವ ಆ್ಯಪ್‌ಗೆ ಸ್ಥಳ, ಕ್ಯಾಮೆರಾ, ಮೈಕ್ ಮುಂತಾದವುಗಳ ಅನುಮತಿಯನ್ನು ಅಡ್ಮಿನ್ ತಾವೇ ಕೊಟ್ಟುಬಿಡಲು ಬರುವುದಿಲ್ಲ. ನಿರಾಕರಿಸುವುದು ಅಡ್ಮಿನ್ ಕೈಯಲ್ಲಿದೆ, ಕೊಡುವುದು ಫೋನಿನ ಒಡೆಯರ ಕೈಯಲ್ಲಿದೆ. 24 ಗಂಟೆ ಜಿಪಿಎಸ್ ಬೇಕೆನ್ನುವ ಆ್ಯಪ್ ಕೆಲಸ ಮಾಡಬೇಕಾದರೆ ಪ್ರತಿಯೊಬ್ಬ ನೌಕರರೂ ಸೆಟ್ಟಿಂಗ್ಸ್‌ಗೆ ಹೋಗಿ ‘ಯಾವಾಗಲೂ ಅನುಮತಿಸು’ ಎಂದು ಒತ್ತಬೇಕು. ಅದನ್ನು ಒತ್ತಿಸಲು ಸೂಪರ್‌ವೈಸರ್ ಸಾಲು ನಿಲ್ಲಿಸುವ ಪರಿಸ್ಥಿತಿ ಬಂದರೆ ಅದನ್ನು ಒಪ್ಪಿಗೆ ಎಂದು ಕರೆಯುವುದು ಕಷ್ಟ.

ಐಫೋನ್‌ಗಳದ್ದು ಬೇರೆ ರೀತಿ. ಕಂಪನಿಯ ಪೂರ್ಣ ಮೇಲ್ವಿಚಾರಣೆಗೆ ಒಳಪಡಿಸಿದ ಐಫೋನ್‌ನಲ್ಲಿ ಮಾತ್ರ ಕ್ಯಾಮೆರಾ ಮುಚ್ಚಲು ಬರುತ್ತದೆ. ನಿರ್ವಹಣಾ ವ್ಯವಸ್ಥೆ ಅದರ ಸ್ಥಳ ಕೇಳಬೇಕಾದರೆ ಮೊದಲು ಆ ಫೋನನ್ನು ‘ಕಳೆದುಹೋಗಿದೆ’ ಎಂಬ ಸ್ಥಿತಿಗೆ ತರಬೇಕು, ಸ್ಥಳ ನೋಡಿದ್ದನ್ನು ಫೋನ್ ಆಮೇಲೆ ಬಳಕೆದಾರರಿಗೆ ತಿಳಿಸಿಯೇ ತಿಳಿಸುತ್ತದೆ. ನನಗೆ ಈ ವಿನ್ಯಾಸ ಬಹಳ ಇಷ್ಟ.

ಕ್ಯಾಮೆರಾ ವಿಷಯಕ್ಕೆ ಬಂದರೆ, ಸ್ವಂತ ಆಂಡ್ರಾಯ್ಡ್ ಫೋನಿನಲ್ಲಿ ವರ್ಕ್ ಪ್ರೊಫೈಲ್‌ನ ಕ್ಯಾಮೆರಾ ಮುಚ್ಚಿದರೂ ಮನೆಯ ಕಡೆಯ ಕ್ಯಾಮೆರಾ ತೆರೆದೇ ಇರುತ್ತದೆ. ಕಂಪನಿಯ 30 ಫೋನ್‌ಗಳಲ್ಲಿ ಪೂರ್ತಿ ಮುಚ್ಚಬಹುದು. ಆದ್ದರಿಂದ ಉಳಿದ 110 ಫೋನ್‌ಗಳಿಗೆ ಆ್ಯಪ್‌ನಲ್ಲಿ ಪರಿಹಾರ ಹುಡುಕಬೇಡಿ, ಗೇಟಿನಲ್ಲಿ ಹುಡುಕಿ.

ಕ್ಯಾಂಪ್ ನಿವೃತ್ತ:

ಕೊನೆಯ ಸಾಲು ನೂರಕ್ಕೆ ನೂರು ಸರಿ. ನಾನು ಸೈನ್ಯದಲ್ಲಿದ್ದು ಬಂದವನು, ಈಗ ಮರಾಠಾ ಲಘು ಪದಾತಿ ದಳದ ಕೇಂದ್ರದಿಂದ ಸ್ವಲ್ಪ ದೂರದಲ್ಲೇ ಮನೆ. ಫೋನನ್ನು ಹೊರಗೆ ಪೆಟ್ಟಿಗೆಯಲ್ಲಿಟ್ಟು ಬಿಲ್ಲೆ ತೆಗೆದುಕೊಂಡು ಒಳಗೆ ಹೋಗುವ ಪದ್ಧತಿಗೆ ಬ್ಯಾಟರಿಯೂ ಬೇಡ, ಉಪಗ್ರಹವೂ ಬೇಡ.

ಸ್ಥಳದ ದಾಖಲೆ ಕೂಡಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಜಗತ್ತಿಗೇ ಗೊತ್ತಿರುವ ಉದಾಹರಣೆ ಇದೆ. ಸ್ಟ್ರಾವಾ ಎಂಬ ವ್ಯಾಯಾಮದ ಆ್ಯಪ್‌ನವರು 2017ರ ನವೆಂಬರ್‌ನಲ್ಲಿ ತಮ್ಮ ಬಳಕೆದಾರರು ಓಡಿದ ಹಾದಿಗಳನ್ನೆಲ್ಲ ಸೇರಿಸಿ, ಹೆಸರುಗಳಿಲ್ಲದ ಒಂದು ವಿಶ್ವ ನಕ್ಷೆ ಪ್ರಕಟಿಸಿದರು. 2018ರ ಜನವರಿಯಲ್ಲಿ ಅದನ್ನು ಗಮನಿಸಿ ನೋಡಿದವರಿಗೆ, ಮರುಭೂಮಿಯ ಕತ್ತಲೆಯ ನಡುವೆ ಸೈನಿಕರು ಬೆಳಗಿನ ಓಟ ಓಡಿದ ನೆಲೆಗಳ ಆಕಾರ ಬೆಳಕಿನ ಗೆರೆಗಳಲ್ಲಿ ಕಂಡಿತು. ಭದ್ರತೆಗೆಂದು ನೀವು ಕೂಡಿಡುವ ನೌಕರರ ಸ್ಥಳದ ಪಟ್ಟಿಯೇ ಕಳ್ಳನಿಗೆ ಬೇಕಾದ ವಸ್ತು ಆಗಬಹುದು. ಯಾವ ಶೆಡ್‌ನಲ್ಲಿ ರಾತ್ರಿ ಯಾರೂ ಇರುವುದಿಲ್ಲ ಎಂಬುದನ್ನು ಅದು ಹೇಳುತ್ತದೆ.

ತಿಲಕವಾಡಿ ವಕೀಲೆ:

ಕಾನೂನಿನ ಕಡೆಯಿಂದ ನನಗೆ ತಿಳಿದಷ್ಟು ಹೇಳುತ್ತೇನೆ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಪ್ರಕರಣದ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಎಂಬುದನ್ನು ಇಲ್ಲಿ ನೆನೆಯಲು ನನಗೆ ಹೆಮ್ಮೆ. ಮೂಲಭೂತ ಹಕ್ಕು ಮುಖ್ಯವಾಗಿ ಸರ್ಕಾರದ ವಿರುದ್ಧದ ರಕ್ಷಣೆ. ಖಾಸಗಿ ಕಾರ್ಖಾನೆಯ ಮಟ್ಟಿಗೆ ನೋಡಬೇಕಾದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ, ಮುಖ್ಯ ಹೊಣೆಗಾರಿಕೆಗಳು ಅಲ್ಲಿಂದ 18 ತಿಂಗಳಿಗೆ ಜಾರಿಗೆ ಬರುತ್ತವೆ. ನೌಕರರ ಸ್ಥಳದ ಮಾಹಿತಿ ಈ ಕಾಯ್ದೆಯ ಅರ್ಥದಲ್ಲಿ ವೈಯಕ್ತಿಕ ದತ್ತಾಂಶವೇ ಆಗಿದೆ.

ಮಾಲೀಕರ ಪರ ವಕೀಲರು ಸಾಮಾನ್ಯವಾಗಿ 7ನೇ ಕಲಮನ್ನು ತೋರಿಸುತ್ತಾರೆ. ಉದ್ಯೋಗದ ಉದ್ದೇಶಕ್ಕೆ, ಅಥವಾ ಮಾಲೀಕರನ್ನು ನಷ್ಟದಿಂದ ಮತ್ತು ಹೊಣೆಗಾರಿಕೆಯಿಂದ ಕಾಪಾಡುವುದಕ್ಕೆ, ನೌಕರರ ಮಾಹಿತಿಯನ್ನು ಒಪ್ಪಿಗೆ ಇಲ್ಲದೆಯೂ ಬಳಸಬಹುದು ಎಂದು ಅಲ್ಲಿ ಹೇಳಿದೆ. ವ್ಯಾಪಾರ ರಹಸ್ಯ, ಬೌದ್ಧಿಕ ಆಸ್ತಿ, ಕೈಗಾರಿಕಾ ಬೇಹುಗಾರಿಕೆಯ ತಡೆ ಇವು ಅಲ್ಲಿಯೇ ಉದಾಹರಣೆಗಳಾಗಿ ಬಂದಿವೆ. ಆದ್ದರಿಂದ ಡ್ರಾಯಿಂಗ್ ಕಾಯುವುದಕ್ಕೆ ಗಣಕ ಅವರ ಕಂಪನಿಗೆ ಕಾನೂನಿನ ಆಧಾರ ಇಲ್ಲ ಎಂದು ನಾನು ಹೇಳುವುದಿಲ್ಲ, ಇದೆ. ಆದರೆ ಆ ಆಧಾರ ಆ ಉದ್ದೇಶಕ್ಕೆ ಮಾತ್ರ. ಭಾನುವಾರ ಸಂಜೆ ಒಬ್ಬರು ಆಸ್ಪತ್ರೆಯಲ್ಲಿದ್ದರು ಎಂಬ ದಾಖಲೆ ಯಾವ ಡ್ರಾಯಿಂಗನ್ನು ಕಾಯುತ್ತದೆ? ಉದ್ದೇಶ ಮುಗಿದ ಮಾಹಿತಿಯನ್ನು ಅಳಿಸಬೇಕು ಎಂದು 8ನೇ ಕಲಮು ಹೇಳುತ್ತದೆ, ಮಾಹಿತಿ ಸೋರದಂತೆ ಕಾಪಾಡುವ ಹೊಣೆಯನ್ನೂ ಅದೇ ಕಲಮು ಹೊರಿಸುತ್ತದೆ. ಆ ಹೊಣೆಯಲ್ಲಿ ತಪ್ಪಿದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಬೇಡದ ಮಾಹಿತಿಯನ್ನು ಕೂಡಿಡದೆ ಇರುವುದು ಮಾಲೀಕರಿಗೇ ಲಾಭ.

ಒಪ್ಪಿಗೆ ಕೇಳುವ ದಾರಿ ಹಿಡಿದರೆ ಒಂದು ಮಾತು ನೆನಪಿರಲಿ. ನೋಟಿಸನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯಲ್ಲಿರುವ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆಯನ್ನು ನೌಕರರಿಗೆ ಕೊಡಬೇಕು. ಬೆಳಗಾವಿಯ ಕಾರ್ಖಾನೆಯಲ್ಲಿ ಕನ್ನಡ, ಮರಾಠಿ ಎರಡರಲ್ಲೂ ಬರೆದು ಗೋಡೆಗೆ ಹಚ್ಚಿದರೆ ಅರ್ಧ ಸಂಶಯ ಅಲ್ಲಿಯೇ ಕರಗುತ್ತದೆ. ಒಪ್ಪಿಗೆ ಬೇಡದ ಸಂದರ್ಭದಲ್ಲಿಯೂ ಹಾಗೆ ಹಚ್ಚಿ ಎಂದೇ ನನ್ನ ಸಲಹೆ.

ಹಿಂಡಲಗಾ ರಸ್ತೆ:

ಗಡಿಯ ವಿಷಯವನ್ನು ಯಾರೂ ಎತ್ತಲಿಲ್ಲ. ವೆಂಗುರ್ಲೆ ರಸ್ತೆಯಲ್ಲಿ ಬಾಚಿ ದಾಟಿದರೆ ಶಿನೋಳಿ, ಅದು ಮಹಾರಾಷ್ಟ್ರದ ಚಂದಗಡ ತಾಲ್ಲೂಕು. ಅಲ್ಲಿಯ ಕೈಗಾರಿಕಾ ಪ್ರದೇಶಕ್ಕೆ ಬೆಳಗಾವಿಯಿಂದ ದಿನಾ ಹೋಗಿ ಬರುವವರಲ್ಲಿ ನಾನೂ ಒಬ್ಬ. ನಮ್ಮ ಕಚೇರಿಯ ಮೇಲ್ ಒಮ್ಮೆ ‘ರಾಜ್ಯದ ಹೊರಗಿನ ಲಾಗಿನ್’ ಎಂದು ನನ್ನನ್ನು ತಡೆಯುತ್ತಿತ್ತು, ಮನೆಯಲ್ಲಿ ಕುಳಿತಾಗಲೂ ತಡೆಯುತ್ತಿತ್ತು. ಮೊಬೈಲ್ ಇಂಟರ್ನೆಟ್‌ನ ವಿಳಾಸ ನೋಡಿ ಜಾಗ ಊಹಿಸುವ ಪದ್ಧತಿ ದೇಶದ ಮಟ್ಟಕ್ಕೆ ಪರವಾಗಿಲ್ಲ, ಊರಿನ ಮಟ್ಟಕ್ಕೆ ನಂಬುವ ಹಾಗಿಲ್ಲ, ಗಡಿಯ ಊರಿನಲ್ಲಂತೂ ಬೇಡವೇ ಬೇಡ. ತಿಂಗಳ ಕೊನೆಯ ದಿನ ಜಿಎಸ್‌ಟಿ ಲೆಕ್ಕದ ಫೈಲ್ ತೆರೆಯದೆ ಎರಡು ಗಂಟೆ ಕೂತದ್ದನ್ನು ನಾನು ಮರೆಯಲಾರೆ.

ಎರಡನೇ ಪಾಳಿಯ ಇಂಜಿನಿಯರ್:

ನಾನು ಕ್ವಾಲಿಟಿ ವಿಭಾಗದಲ್ಲಿರುವ ಮಹಿಳೆ, ರಾತ್ರಿ ಹತ್ತೂವರೆಗೆ ಕೆಲಸ ಮುಗಿಯುತ್ತದೆ. “ನಿಮ್ಮ ಸುರಕ್ಷತೆಗೇ ಈ ಟ್ರ್ಯಾಕಿಂಗ್” ಎಂದು ನಮಗೆ ಹೇಳುತ್ತಾರೆ. ನನ್ನ ಪ್ರಶ್ನೆ ಒಂದೇ: ನನ್ನ ಮನೆ ಯಾವ ಓಣಿಯಲ್ಲಿದೆ, ನಾನು ಎಷ್ಟು ಹೊತ್ತಿಗೆ ಒಬ್ಬಳೇ ಅಲ್ಲಿ ಇಳಿಯುತ್ತೇನೆ ಎಂಬುದು ಆ ಪರದೆಯ ಮುಂದೆ ಕುಳಿತ ಯಾರು ಯಾರಿಗೆ ಕಾಣುತ್ತದೆ? ಕಂಪನಿಯ ವಾಹನಕ್ಕೆ ಜಿಪಿಎಸ್ ಇರಲಿ, ಅದರಿಂದ ನನಗೆ ಧೈರ್ಯ. ನನ್ನ ಕೈಯಲ್ಲಿರುವ ಫೋನಿಗೆ ಬೇಡ. ತುರ್ತು ಬಂದಾಗ ನಾನೇ ಒತ್ತಿ ಸ್ಥಳ ಕಳುಹಿಸುವ ಗುಂಡಿ ಇದ್ದರೆ ಸಾಕು.

ಹೊನಗಾ ಮಾಲೀಕ:

ಎಲ್ಲರ ಮಾತನ್ನೂ ಓದಿದೆ. ನಮ್ಮ ಕಡೆಯದನ್ನೂ ಸ್ವಲ್ಪ ಕೇಳಿ. 22 ಜನರ ಸಣ್ಣ ಘಟಕ ನನ್ನದು. ನಮ್ಮಲ್ಲಿ ಎರಡು ವರ್ಷ ಕಷ್ಟಪಟ್ಟು ಮಾಡಿದ ಫಿಕ್ಸ್‌ಚರ್‌ನ (ಮಷಿನ್ ಮೇಲೆ ಬಿಡಿಭಾಗವನ್ನು ಹಿಡಿದಿಡುವ ಸಾಧನ) ವಿನ್ಯಾಸ ಆರು ತಿಂಗಳಲ್ಲಿ ಬೇರೊಬ್ಬರ ಶೆಡ್‌ನಲ್ಲಿ ಹಾಗೆಯೇ ಕಂಡಿತು. ಹೇಗೆ ಹೋಯಿತು ಎಂಬುದು ಇಂದಿಗೂ ಗೊತ್ತಿಲ್ಲ, ಅವತ್ತಿನಿಂದ ಮನಸ್ಸಿನಲ್ಲಿ ಎಲ್ಲರ ಮೇಲೂ ಅನುಮಾನ ಕುಳಿತುಬಿಟ್ಟಿದೆ. ಕಂಪನಿ ದುಡ್ಡು ಕೊಟ್ಟು ಕೊಡಿಸಿದ ಫೋನ್ ಎಲ್ಲಿದೆ ಎಂದು ಕಂಪನಿ ನೋಡುವುದರಲ್ಲಿ ತಪ್ಪೇನು? ಸೇಲ್ಸ್‌ನವರಿಗೆ ಕೊಟ್ಟ ಫೋನ್‌ಗಳನ್ನು ನಾನು ನೋಡುತ್ತೇನೆ. ಸಣ್ಣವರಿಗೆ ಸರ್ವರ್, ಪ್ರಮಾಣಪತ್ರ, ಸಲಹೆಗಾರರು ಇವೆಲ್ಲ ಕೈಗೆ ನಿಲುಕುವುದಿಲ್ಲ, ತಿಂಗಳಿಗೆ ಇಷ್ಟು ಎಂದು ಆ್ಯಪ್ ಸಿಗುತ್ತದೆ, ಅದನ್ನೇ ಹಾಕುತ್ತೇವೆ.

ಮಚ್ಛೆ ನೆಟ್‌ವರ್ಕ್:

ಮಾಲೀಕರೇ, ನಿಮ್ಮ ನೋವು ನಿಜವಾದದ್ದು. ಕಂಪನಿಯ ಫೋನ್ ಕೆಲಸದ ಸಮಯದಲ್ಲಿ ಎಲ್ಲಿದೆ ಎಂದು ಮೊದಲೇ ತಿಳಿಸಿ ನೋಡುವುದರಲ್ಲಿ ನನಗೂ ತಕರಾರಿಲ್ಲ. ಆದರೆ ಆ ಆ್ಯಪ್ ಇದ್ದಿದ್ದರೆ ನಿಮ್ಮ ಫಿಕ್ಸ್‌ಚರ್ ಉಳಿಯುತ್ತಿತ್ತೇ ಎಂದು ಯೋಚಿಸಿ. ಕದಿಯಬೇಕೆಂದು ನಿರ್ಧರಿಸಿದವರು ಆಂಡ್ರಾಯ್ಡ್‌ನ ಡೆವಲಪರ್ ಆಯ್ಕೆಗಳಿಗೆ ಹೋಗಿ ಸುಳ್ಳು ಸ್ಥಳ ತೋರಿಸುವ ಆ್ಯಪ್ ಆರಿಸಿಕೊಂಡರೆ ಸಾಕು, ಖಾನಾಪುರದಲ್ಲಿ ಕುಳಿತ ಫೋನ್ ಹೊನಗಾದಲ್ಲಿದೆ ಎಂದು ಹೇಳುತ್ತದೆ. ಒಳ್ಳೆಯ ನಿರ್ವಹಣಾ ಸಾಫ್ಟ್‌ವೇರ್ ಇದನ್ನು ಬಹುಮಟ್ಟಿಗೆ ಹಿಡಿಯುತ್ತದೆ, ಅಗ್ಗದ ಹಾಜರಿ ಆ್ಯಪ್‌ಗಳಲ್ಲಿ ಹಲವು ಹಿಡಿಯುವುದಿಲ್ಲ. ಜಾಗ ಗುರುತಿಸಲು ಗೋಡೆಗೆ ಹಚ್ಚುವ ಪುಟ್ಟ ಬ್ಲೂಟೂತ್ ಬೀಕನ್‌ಗಳೂ ಹೀಗೆಯೇ. ಅವು ಒಂದೇ ಗುರುತನ್ನು ಸದಾ ಗಾಳಿಯಲ್ಲಿ ಕೂಗುತ್ತಿರುತ್ತವೆ, ಆ ಕೂಗನ್ನು ಅನುಕರಿಸುವುದು ಕಷ್ಟವಲ್ಲ. ಫೋನ್ ಹೇಳುವ ಜಾಗ ಒಂದು ಸುಳಿವು ಮಾತ್ರ, ಅದನ್ನು ಸಾಕ್ಷಿ ಎಂದು ಹಿಡಿದು ಯಾರನ್ನೂ ಕೆಲಸದಿಂದ ತೆಗೆಯಲೂ ಬಾರದು, ಯಾರಿಗೂ ಬಾಗಿಲು ತೆರೆಯಲೂ ಬಾರದು.

ಗಣಕ ಅವರಿಗೆ ನನ್ನ ಸಲಹೆ ಇದು. ಫೋನ್ ಎಲ್ಲಿದೆ ಎಂದು ಕೇಳುವುದನ್ನೇ ಬಿಡಿ. ಡ್ರಾಯಿಂಗ್ ಎಲ್ಲಿ ತೆರೆಯುತ್ತದೆ ಎಂಬುದನ್ನು ನಿಮ್ಮ ಕೈಯಲ್ಲಿಟ್ಟುಕೊಳ್ಳಿ. ಡ್ರಾಯಿಂಗ್ ಸರ್ವರ್ ಕಾರ್ಖಾನೆಯ ಒಳಗಿನ ವೈ-ಫೈನಿಂದ ಮಾತ್ರ ಸಿಗುವಂತೆ ಮಾಡಿ, ಆ ವೈ-ಫೈಗೆ ಪಾಸ್‌ವರ್ಡ್ ಬದಲು ಪ್ರತಿ ಸಾಧನಕ್ಕೂ ಬೇರೆ ಬೇರೆ ಪ್ರಮಾಣಪತ್ರ (ಆ ಸಾಧನದ ಡಿಜಿಟಲ್ ಗುರುತಿನ ಚೀಟಿ) ಹಾಕಿ. ಫೈಲನ್ನು ಫೋನಿನಲ್ಲಿ ಉಳಿಸಿಕೊಳ್ಳಲು ಬಿಡಬೇಡಿ, ಇಲ್ಲದಿದ್ದರೆ ಒಳಗೆ ಇಳಿಸಿಕೊಂಡು ಹೊರಗೆ ತೆರೆಯುತ್ತಾರೆ. ಪರದೆಯ ಮೇಲೆ ನೋಡುವವರ ನೌಕರ ಸಂಖ್ಯೆ ಮತ್ತು ಸಮಯ ತೆಳುವಾಗಿ ಅಡ್ಡಲಾಗಿ ಮೂಡುತ್ತಿರಲಿ. ಇನ್ನೊಂದು ಫೋನಿನಿಂದ ಪರದೆಯ ಫೋಟೊ ತೆಗೆಯುವುದನ್ನು ಯಾವ ಸಾಫ್ಟ್‌ವೇರೂ ತಡೆಯಲಾರದು, ಆದರೆ ಆ ಫೋಟೊದಲ್ಲಿ ಸಂಖ್ಯೆ ಉಳಿಯುತ್ತದೆ. ಹೊನಗಾ ಮಾಲೀಕರಂಥ ಸಣ್ಣ ಘಟಕಕ್ಕೆ ಇಷ್ಟೂ ಬೇಡ. ಎರಡು ಟ್ಯಾಬ್ಲೆಟ್ ಕೊಂಡು ಮಷಿನ್ ಪಕ್ಕದ ಮೇಜಿಗೆ ಸರಪಳಿಯಿಂದ ಕಟ್ಟಿ, ಡ್ರಾಯಿಂಗ್ ಅವುಗಳಲ್ಲಿ ಮಾತ್ರ ತೆರೆಯಲಿ. ಮೇಜಿಗೆ ಕಟ್ಟಿದ ಟ್ಯಾಬ್ಲೆಟ್ ಎಲ್ಲಿದೆ ಎಂದು ಉಪಗ್ರಹವನ್ನು ಕೇಳಬೇಕಾಗಿಲ್ಲ.

ಉದ್ಯಮಬಾಗ ಗಣಕ:

ಎರಡು ತಿಂಗಳ ಮೇಲೆ ಮತ್ತೆ ಬರೆಯುತ್ತಿದ್ದೇನೆ. ತಡವಾದದ್ದಕ್ಕೆ ಕ್ಷಮೆ ಇರಲಿ.

ಮಚ್ಛೆಯವರು ಹೇಳಿದಂತೆ ಮಾರಾಟಗಾರರ ಆ್ಯಪ್ ಇರುವ ಫೋನನ್ನು ಮಾಲೀಕರ ಕೈಗೇ ಕೊಟ್ಟು ಮೋಲ್ಡಿಂಗ್ ಶೆಡ್‌ನಲ್ಲಿ ನಿಲ್ಲಿಸಿದೆ. ಹನ್ನೆರಡು ನಿಮಿಷದಲ್ಲಿ ಆ್ಯಪ್ ಅವರನ್ನು ಆವರಣದ ಹೊರಗಿನವರೆಂದು ಘೋಷಿಸಿತು. ಅವರು ಏನೂ ಮಾತಾಡದೆ ಫೋನ್ ವಾಪಸ್ ಕೊಟ್ಟರು, ಖರೀದಿಯ ಕಾಗದ ಅಲ್ಲಿಗೆ ನಿಂತಿತು.

ನಾವು ಕೊನೆಗೆ ಎಂಟು ಟ್ಯಾಬ್ಲೆಟ್ ತಂದೆವು. ಮಷಿನ್ ಶಾಪ್‌ಗೆ ಐದು, ಇನ್‌ಸ್ಪೆಕ್ಷನ್‌ಗೆ ಎರಡು, ಟೂಲ್ ರೂಮ್‌ಗೆ ಒಂದು. ಡ್ರಾಯಿಂಗ್ ತೆರೆಯುವುದು ಅವುಗಳಲ್ಲಿ ಮತ್ತು ಕಂಪನಿಯ 30 ಫೋನ್‌ಗಳಲ್ಲಿ, ಅದೂ ಒಳಗಿನ ವೈ-ಫೈ ಇದ್ದಾಗ ಮಾತ್ರ. ಸ್ವಂತ ಫೋನ್‌ಗಳಲ್ಲಿ ಮೇಲ್ ಬೇಕಾದ 41 ಜನರಿಗೆ ವರ್ಕ್ ಪ್ರೊಫೈಲ್ ಹಾಕಿದ್ದೇವೆ, ಅದರಲ್ಲಿ ಸ್ಥಳದ ಅನುಮತಿಯನ್ನು ನಾವೇ ನಿರಾಕರಿಸಿ ಬೀಗ ಹಾಕಿದ್ದೇವೆ. ಉಳಿದವರ ಫೋನ್ ನಮ್ಮ ವ್ಯವಸ್ಥೆಗೆ ಸೇರಿಯೇ ಇಲ್ಲ. ಕಂಪನಿಯ ಫೋನ್‌ಗಳ ಸ್ಥಳ ನೋಡುವುದು ಕಳೆದುಹೋಗಿದೆ ಎಂದು ಅವರೇ ದೂರು ಕೊಟ್ಟಾಗ ಮಾತ್ರ. ಪ್ಯಾಟರ್ನ್ ಶಾಪ್ ಬಾಗಿಲಲ್ಲಿ ಕ್ಯಾಂಪ್ ನಿವೃತ್ತರು ಹೇಳಿದ ಪೆಟ್ಟಿಗೆ ಇಟ್ಟೆವು. ಮನೆಯಲ್ಲಿ ಕಾಯಿಲೆಯವರಿದ್ದಾರೆ, ಫೋನ್ ಬಿಟ್ಟಿರಲಾರೆವು ಎಂದವರಿಗೆ ಕ್ಯಾಮೆರಾದ ಮೇಲೆ ಸ್ಟಿಕರ್ ಅಂಟಿಸುತ್ತೇವೆ. ಕಿತ್ತರೆ ಅದರಲ್ಲಿ ಗುರುತು ಬೀಳುತ್ತದೆ, ಹೊರಗೆ ಬರುವಾಗ ಗಾರ್ಡ್ ನೋಡಿ ತೆಗೆಯುತ್ತಾರೆ. ಮೊದಲ ವಾರ ಎಣ್ಣೆಯ ಕೈಗೆ ಸ್ಟಿಕರ್ ನಿಲ್ಲದೆ ಜಗಳವಾಯಿತು. ಈಗ ಬಾಗಿಲ ಬಳಿ ಒಂದು ಬಟ್ಟೆ ತೂಗುಹಾಕಿದ್ದೇವೆ, ಒರೆಸಿಕೊಂಡು ಅಂಟಿಸಿಕೊಳ್ಳುತ್ತಾರೆ.

ಎರಕದ ದೋಷದ ಫೋಟೊ ತೆಗೆದು ಕಳುಹಿಸುವುದು ಹೇಗೆ ಎಂಬ ಪ್ರಶ್ನೆಗೆ ಇನ್ನೂ ಪೂರ್ತಿ ಉತ್ತರ ಸಿಕ್ಕಿಲ್ಲ. ಇನ್‌ಸ್ಪೆಕ್ಷನ್‌ನ ಒಂದು ಟ್ಯಾಬ್ಲೆಟ್‌ನ ಕ್ಯಾಮೆರಾ ಮಾತ್ರ ತೆರೆದಿಟ್ಟಿದ್ದೇವೆ. ಎರಡು ಪಾಳಿ ಕೂಡುವ ಹೊತ್ತಿಗೆ ಅದರ ಮುಂದೆ ಸಾಲು ನಿಲ್ಲುತ್ತದೆ, ಇನ್ನೊಂದು ಬೇಕು ಎಂದು ಕೇಳಿದ್ದೇನೆ. ಆಡಿಟ್‌ನವರು ವಿಡಿಯೊ ಕರೆಯಲ್ಲಿ ಎಲ್ಲವನ್ನೂ ನೋಡಿ ಸ್ಟಿಕರ್‌ನ ದಾಖಲೆ ಪುಸ್ತಕ ಕೇಳಿದರು, ಕೊಟ್ಟೆವು, ಒಪ್ಪಿಕೊಂಡರು.

ಹಳೆಯ ಡ್ರಾಯಿಂಗ್‌ಗಳನ್ನು ತೆಗೆಸುವುದೇ ಬಹಳ ಸಮಯ ಹಿಡಿದ ಕೆಲಸ. ಯಾರ ಫೋನನ್ನೂ ನಾವು ಕೈಗೆ ತೆಗೆದುಕೊಳ್ಳಬಾರದು ಎಂದು ತಿಲಕವಾಡಿಯ ಮೇಡಂ ಹೇಳಿದ್ದರು. ಆದ್ದರಿಂದ ಕ್ಯಾಂಟೀನಿನಲ್ಲಿ ಕುಳಿತು, ಅವರವರ ಫೋನ್ ಅವರವರ ಕೈಯಲ್ಲೇ ಇರುವಂತೆ, ಒಬ್ಬೊಬ್ಬರ ಜೊತೆ ಹತ್ತು ಹದಿನೈದು ನಿಮಿಷ ಕಳೆದೆವು. ಮೊದಲು ಬಂದವರು ಆ ಇನ್‌ಸ್ಪೆಕ್ಟರೇ. ಅವರ ಗ್ಯಾಲರಿಯಲ್ಲಿ 312 ಡ್ರಾಯಿಂಗ್‌ಗಳಿದ್ದವು. ಒಂದೊಂದನ್ನೇ ಅಳಿಸುತ್ತ, ಹುಟ್ಟುಹಬ್ಬದ ಫೋಟೊ ಬಂದಾಗಲೆಲ್ಲ ನಿಲ್ಲಿಸಿ ನನಗೂ ತೋರಿಸಿ ಮುಂದಕ್ಕೆ ಸರಿಸುತ್ತಿದ್ದರು.